ಸುಣ್ಣದಾಯಿ ಬಿಟ್ಟ ತಂಗಿ

ಹೋದ ತಿಂಗಳು ನಮ್ಮ ಹೊಸ ಮನೆಯ ಪಡಸಾಲೆಯಲ್ಲಿ ಒಂದು ಬಕೆಟ್ ಕೆಮ್ಮಣ್ಣು ನೆನೆಯಿಟ್ಟರು. ಡಬ್ಬಿಯ ಬಣ್ಣದಲ್ಲಿ ಆ ಕೆಂಪು ಬರುವುದೇ ಇಲ್ಲ ಎಂದು ಪೇಂಟರ್ ಹಟ ಹಿಡಿದು, ತನ್ನೂರು ಉಗರಗೋಳದಿಂದಲೇ ಒಂದು ಚೀಲ ಮಣ್ಣಿನ ಹೆಂಟೆ ತಂದಿದ್ದ. ನೀರು ಸುರಿದ ಕೂಡಲೇ ಎದ್ದಿತು ನೋಡಿ ಆ ವಾಸನೆ... ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ನಾನು ಅದನ್ನು ಅಲ್ಲಿಗೇ ಬಿಟ್ಟು ಹೊರಗೆ ಬಂದೆ. ಮಳೆ ಬಿದ್ದ ನೆಲದ ವಾಸನೆಯಲ್ಲ ಅದು. ಅದರಲ್ಲಿ ಒಂದಿಷ್ಟು ಹಳೆಯ ಅರಿವೆ ಇತ್ತು, ಒಂದಿಷ್ಟು ಜಾಲಿಯ ಅಂಟು ಇತ್ತು. ಅಂಟು ಹಾಕಿದ್ದೀರೇನು ಎಂದು ಕೇಳಿದೆ. ಇಲ್ಲ, ಬರೀ ನೀರು ಎಂದ ಪೇಂಟರ್. ಹಾಗಾದರೆ ಆ ಅಂಟು ನನ್ನ ಮೂಗಿನಲ್ಲೇ ಇಷ್ಟು ವರ್ಷ ಕೂತಿತ್ತು ಅಂತಾಯಿತು.

ಕೆಮ್ಮಣ್ಣಿನ ಗೋಡೆ ನನ್ನ ಆಸೆಯೇನಲ್ಲ. ಮನೆಯ ಒಳಗಿನ ಅಂದಚೆಂದವನ್ನೆಲ್ಲ ನೋಡಿಕೊಳ್ಳುತ್ತಿರುವವಳು ಬೆಳಗಾವಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿ. ಬೈಲಹೊಂಗಲದ ನಮ್ಮ ಶಾಲೆಯಲ್ಲಿ ಓದುವಾಗ ನೋಟುಪಟ್ಟಿಯ ನಾಲ್ಕೂ ಅಂಚಿಗೆ ಇರುವೆ ಸಾಲಿನಂತೆ ಬರೆಯುತ್ತಿದ್ದಳು. ಬದಿಯಲ್ಲಿ ಒಂದಿಷ್ಟು ಜಾಗ ಬಿಡೇ ಮಾರಾಯ್ತಿ ಎಂದು ನಾನು ಎಷ್ಟು ಸಲ ಬೈದಿದ್ದೇನೋ. ಈಗ ಅವಳು ನನಗೇ ಪಾಠ ಹೇಳುತ್ತಾಳೆ. ನಾನು ಆ ಗೋಡೆಗೆ ಒಂದು ಷೋಕೇಸು, ಮೂರು ಫೋಟೋ, ಒಂದು ಗಡಿಯಾರ ಎಂದು ಲೆಕ್ಕ ಹಾಕಿದ್ದೆ. ಅವಳು ಎಲ್ಲಕ್ಕೂ ತಲೆಯಾಡಿಸಿ ಬೇಡ ಅಂದಳು.

“ಮೇಡಂ, ಎಲ್ಲಾ ಕಡೆ ಏನರ ಒಂದ ತುಂಬಬ್ಯಾಡ್ರಿ. ಇದಕ್ಕ ನಾವು ನೆಗೆಟಿವ್ ಸ್ಪೇಸ್ ಅಂತೇವಿ. ಬಿಟ್ಟ ಜಾಗಾನೂ ಒಂದ ಚಿತ್ರಾರಿ.”

ನನಗೆ ನಗು ಬಂತು. ಆ ಮಾತನ್ನು ಯಾವ ಕಾಲೇಜಿಗೂ ಹೋಗದೆ, ಸಹಿ ಮಾಡಲೂ ಬಾರದೆ, ಬರೀ ಒಂದು ಅರಿವೆಯ ಉಂಡೆ ಹಿಡಿದು ಬಾಳಿದ ಒಬ್ಬ ಹೆಂಗಸಿನ ಬಾಯಲ್ಲಿ ನಾನು ಒಂಬತ್ತನೆಯ ವಯಸ್ಸಿಗೇ ಕೇಳಿದ್ದೆ.

ಅವಳು ಸಂಗೊಳ್ಳಿಯಲ್ಲಿ ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯವಳು. ಇಡೀ ಊರು ಅವಳನ್ನು ಸುಣ್ಣದ ಆಯಿ, ಸುಣ್ಣದಾಯಿ ಎನ್ನುತ್ತಿತ್ತು. ದಸರೆ ಎರಡು ವಾರ ಇದೆ ಎನ್ನುವಾಗ ಅವಳ ಸುಗ್ಗಿ. ಮನೆಮನೆಗೆ ಹೋಗಿ ಗೋಡೆಗೆ ಸುಣ್ಣ ಬಳಿದು, ಕೆಳಗೆ ಮೊಣಕಾಲುದ್ದ ಕೆಮ್ಮಣ್ಣಿನ ಪಟ್ಟಿ ಎಳೆದು ಬರುತ್ತಿದ್ದಳು. ಅಷ್ಟನ್ನು ಯಾರಾದರೂ ಮಾಡುತ್ತಾರೆ. ಇವಳದೊಂದು ಬೇರೆಯೇ ಕೆಲಸ ಇತ್ತು. ಸುಣ್ಣ ಆರಿದ ಬಿಳಿ ಗೋಡೆಗೆ ಎಕ್ಕೆಯ ಎಲೆಯನ್ನೋ, ಜರಡಿಯನ್ನೋ, ಕುಡುಗೋಲನ್ನೋ ಒತ್ತಿ ಹಿಡಿದು, ಜಾಲಿಯ ಅಂಟು ಕಲಸಿದ ಕೆಮ್ಮಣ್ಣಿನಲ್ಲಿ ಅದ್ದಿ ಹಿಂಡಿದ ಅರಿವೆಯ ಉಂಡೆಯಿಂದ ಸುತ್ತಲೂ ತಟ್ಟುತ್ತಾ ಹೋಗುತ್ತಿದ್ದಳು. ಆಮೇಲೆ ಎಲೆ ತೆಗೆದರೆ ಕೆಂಪು ಗೋಡೆಯಲ್ಲಿ ಬಿಳಿ ಎಲೆ. ಕುಡುಗೋಲು ತೆಗೆದರೆ ಬಿಳಿ ಕುಡುಗೋಲು. ಅವಳ ಬಣ್ಣ ಚಿತ್ರದೊಳಕ್ಕೆ ಒಂದು ಹನಿಯೂ ಹೋಗುತ್ತಿರಲಿಲ್ಲ.

ಅದಕ್ಕೇ ಅವಳು ‘ಬರೆದೆ’ ಎಂದು ಎಂದೂ ಅನ್ನುತ್ತಿರಲಿಲ್ಲ. ‘ಬಿಟ್ಟೆ’ ಅನ್ನುತ್ತಿದ್ದಳು. ಇಲ್ಲೊಂದು ನವಿಲು ಬಿಡಲೇನು, ಅಲ್ಲಿ ಎರಡು ಎಲೆ ಬಿಟ್ಟಿದ್ದೇನೆ, ಮೂಲೆಮನೆಯವರಿಗೆ ಒಂದು ತೊಟ್ಟಿಲು ಬಿಟ್ಟು ಬಂದೆ, ಹೀಗೆ. ನಾವೆಲ್ಲ ಬೇಡವಾದದ್ದಕ್ಕೆ ಬಿಡು ಎನ್ನುತ್ತೇವೆ. ಅವಳ ಕಸುಬಿನಲ್ಲಿ ಮಾತ್ರ ಬಿಟ್ಟದ್ದೇ ಉಳಿಯುತ್ತಿತ್ತು. ಈ ಮಾತಿನ ಗೋಜಲಿನಲ್ಲಿ ನಾನು ಮುಂದೆ ಸಿಕ್ಕಿಕೊಂಡೆ; ಅದನ್ನು ಹೇಳುತ್ತೇನೆ.

ಅವಳ ಸ್ವಂತ ಮನೆಯ ಗೋಡೆಯ ಮೇಲೆ ಒಂದು ಚುಕ್ಕಿಯೂ ಇರಲಿಲ್ಲ. ಊರಿಗೆಲ್ಲ ಮಾಡಿ ನಿನ್ನ ಗೋಡೆ ಹೀಗೇಕೆ ಎಂದು ಹೆಂಗಸರು ಕಾಡಿಸುತ್ತಿದ್ದರು. ದಿನವೆಲ್ಲ ಗೋಡೆಯ ಜೊತೆ ಮಾತಾಡಿ ಬಂದಿರುತ್ತೇನೆ, ಮನೆಯಲ್ಲಾದರೂ ಅದು ಸುಮ್ಮನಿರಲಿ ಎನ್ನುತ್ತಿದ್ದಳು.

ನನಗೆ ಒಂಬತ್ತು, ನನ್ನ ತಂಗಿಗೆ ಏಳು ವರ್ಷವಿದ್ದಾಗಿನ ದಸರೆ. ನಮ್ಮ ಪಡಸಾಲೆಯ ದೊಡ್ಡ ಗೋಡೆಗೆ ಏನು ಬಿಡಲಿ ಎಂದು ಸುಣ್ಣದಾಯಿ ಅವ್ವನನ್ನು ಕೇಳಿದಳು. ಅವ್ವ ನಗುತ್ತಾ, ಈ ಎರಡು ಪಿಶಾಚಿಗಳನ್ನೇ ಬಿಡು, ಒಂದು ಗಳಿಗೆ ನಿಂತಲ್ಲಿ ನಿಂತಿರುತ್ತವೆ ಅಂದಳು. ಸುಣ್ಣದಾಯಿ ಅದನ್ನು ಮಾತಿಗೆ ಅಂದದ್ದು ಎಂದುಕೊಳ್ಳಲಿಲ್ಲ. ಇಬ್ಬರನ್ನೂ ಪಕ್ಕಪಕ್ಕ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಮೊದಲು ನನ್ನ ಸುತ್ತ ತಟ್ಟಿದಳು. ನಾನು ಆಗಲೇ ದೊಡ್ಡ ಮನುಷ್ಯಳು, ಉಸಿರು ಬಿಗಿಹಿಡಿದು ನಿಂತೆ. ತಂಗಿಗೆ ಕಚಗುಳಿ ಜಾಸ್ತಿ. ಒದ್ದೆ ಅರಿವೆ ಕಿವಿಯ ಹತ್ತಿರ ಬಂದ ಕೂಡಲೇ ಕಿಲಕಿಲ ನಕ್ಕು ತಲೆ ಸರಿಸಿದಳು. ಆಚೆ ಬಂದು ನೋಡಿದರೆ ಕೆಂಪು ಗೋಡೆಯಲ್ಲಿ ಇಬ್ಬರು ಬಿಳಿ ಹುಡುಗಿಯರು. ಚಿಕ್ಕವಳ ತಲೆಯ ಎಡಕ್ಕೆ, ಕಿವಿಯ ಹತ್ತಿರ ಒಂದು ಸಣ್ಣ ಉಬ್ಬು. ಅವಳ ನಗೆಗೆ ಬಂದ ಉಬ್ಬು. ಸರಿಮಾಡು ಎಂದು ನಾನು ಹೇಳಿದೆ. ಸುಣ್ಣದಾಯಿ, ಇರಲಿ, ನಿನಗಿಂತ ಅದೇ ಚೆನ್ನಾಗಿ ಬಂದಿದೆ ಎಂದಳು. ನನಗೆ ಸಿಟ್ಟು ಬಂದಿತ್ತು.

ಅದಾಗಿ ಎರಡು ತಿಂಗಳಿಗೆ ತಂಗಿ ಹೋದಳು. ಮೂರು ದಿನದ ಜ್ವರ... ಅಷ್ಟೆ. ಆಗಿನ ನಮ್ಮ ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ. ಗೋಡೆ ಇತ್ತು.

ಮುಂದಿನ ದಸರೆಗೆ ಅವ್ವ ಸುಣ್ಣ ಬಳಿಯಲು ಬಿಡಲಿಲ್ಲ. ಆದರೆ ಮಣ್ಣಿನ ಗೋಡೆ ಕೇಳಬೇಕಲ್ಲ. ಮಳೆಗಾಲದ ತೇವಕ್ಕೆ ಕೆಮ್ಮಣ್ಣು ಹಪ್ಪಳದ ಹಾಗೆ ಎದ್ದು ಉದುರತೊಡಗಿತು. ಅದು ಉದುರಿದಲ್ಲೆಲ್ಲ ಕೆಳಗಿನ ಸುಣ್ಣ ಕಂಡು, ತಂಗಿಯ ಅಂಚು ಕರಗಿ ಗೋಡೆಯ ಜೊತೆ ಕಲಸಿಹೋಗತೊಡಗಿತು. ಅವ್ವ ದಿಕ್ಕು ತಪ್ಪಿದವಳ ಹಾಗೆ ಓಡಾಡಿದಳು. ಕಡೆಗೆ ಸುಣ್ಣದಾಯಿಯೇ ಬಂದು, ಅವ್ವನ ಎದುರು ಕುಂತು ಹೇಳಿದಳು.

“ಆಕಿನ್ನ ಉಳಿಸ್ಕೋಬೇಕಂದ್ರ ಆಕಿ ಸುತ್ತಲಿಂದು ಉಳಿಸ್ಕೋಬೇಕವಾ. ಆಕಿನ್ನ ನಾ ಮುಟ್ಟೂದಿಲ್ಲ. ಸುತ್ತಲಷ್ಟ ಕೈ ಆಡಸ್ತೇನಿ.”

ಹಾಗೆ ಪ್ರತಿ ವರ್ಷ ಬರತೊಡಗಿದಳು. ಮುಟ್ಟುವುದಿಲ್ಲ ಎಂದಿದ್ದರೂ ಒಳಗೆ ತೆಳ್ಳಗೆ ಸುಣ್ಣ, ಹೊರಗೆ ಹೊಸ ಕೆಂಪು, ನಡುವೆ ಆ ಅಂಚು, ಕಿವಿಯ ಉಬ್ಬು. ನನ್ನ ಆಕಾರವನ್ನು ಮೊದಲ ವರ್ಷವೇ ಅಳಿಸಿಸಿದೆ. ತಂಗಿಯ ಬಿಳಿಯ ಜೊತೆ ನಿಲ್ಲಲು ನನಗೆ ಭಯ. ಕೆಂಪು ಗೋಡೆಯಲ್ಲಿ ಅವಳೊಬ್ಬಳೇ ಉಳಿದಳು. ದೀಪ ಹಚ್ಚುವ ಹೊತ್ತಿಗೆ ಕೆಂಪು ಕಪ್ಪಾಗಿ, ಬಿಳಿ ಮಾತ್ರ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದು ನಿಂತ ಹಾಗೆ ಕಾಣುತ್ತಿತ್ತು. ಅಪ್ಪ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಿಂದ ಬಂದವನೇ ಗೋಡೆಗೆ ಬೆನ್ನು ಮಾಡಿ ಉಣ್ಣುತ್ತಿದ್ದ. ಅವ್ವ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ನಾನು ನಡುವೆ ಕೂತು ಇಬ್ಬರಿಗೂ ಬಡಿಸುತ್ತಿದ್ದೆ.

ಒಂದು ಸಲ ಇದ್ದಿಲು ತೆಗೆದುಕೊಂಡು ಅದಕ್ಕೆ ಎರಡು ಕಣ್ಣು ಬರೆದೆ. ಯಾಕೆ ಬರೆದೆನೋ... ಹೊಟ್ಟೆಕಿಚ್ಚೇ ಇರಬೇಕು. ಅವ್ವ ನನ್ನ ಕೆನ್ನೆಗೆ ಹೊಡೆದದ್ದು ಜೀವಮಾನದಲ್ಲಿ ಅದೊಂದೇ ಸಲ. ಸುಣ್ಣದಾಯಿ ಒಂದು ಬಟ್ಟಲಲ್ಲಿ ಸುಣ್ಣ ಹಿಡಿದು ಓಡಿ ಬಂದಳು. ಅಳಿಸುತ್ತಾ, ಬರೀ ನನಗೆ ಕೇಳುವ ಹಾಗೆ ಅಂದಳು:

“ಕಣ್ಣ ಬರೀಬ್ಯಾಡವಾ. ಕಣ್ಣ ಬಂದ್ರ ಆಕಿ ಇಲ್ಲೇ ನಿಂತಬಿಡ್ತಾಳ.”

ಮೂರನೆಯದೋ ನಾಲ್ಕನೆಯದೋ ದಸರೆಗೆ ಅವ್ವ ನನಗೆ ಲಂಗ ಹೊಲಿಸುವಾಗ ಎರಡು ಲಂಗದ ಅರಿವೆ ಕತ್ತರಿಸಿದಳು. ಒಂದು ನೂಲು ತೆಗೆದುಕೊಂಡು ಗೋಡೆಯ ಮೇಲಿನ ಸೊಂಟದಿಂದ ಗೋಡೆಯ ಮೇಲಿನ ಪಾದದವರೆಗೆ ಹಿಡಿದು ಗಂಟು ಹಾಕಿದಳು. ಆ ನೂಲನ್ನು ಬೈಲಹೊಂಗಲದ ಟೇಲರನಿಗೆ ಕೊಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ಪಾಪ, ಏನೂ ತಿಳಿಯದವನು. ಮರುವರ್ಷ ಹೊಸ ನೂಲು ಕೊಟ್ಟಾಗ ಹೋದ ವರ್ಷದ ಅಳತೆ ಅವನ ಪಟ್ಟಿಯಲ್ಲಿತ್ತು. ಎರಡನ್ನೂ ಹೋಲಿಸಿ ನೋಡಿ, ಸಣ್ಣ ಹುಡುಗಿ ಚೊಲೋ ಬೆಳೆಯಾಕತ್ತಾಳ್ರಿ ಅಂದ. ಅವ್ವ ಹೌದ್ರಿ ಅಂದಳು.

ಹಬ್ಬ ಮುಗಿದ ಮೇಲೆ ಆ ಲಂಗವನ್ನು ಊರಿನ ಯಾವುದಾದರೂ ಹುಡುಗಿಗೆ ಕೊಟ್ಟುಬಿಡುತ್ತಿದ್ದಳು. ಹಾಗಾಗಿ ಶಾಲೆಯಲ್ಲಿ ಎಲ್ಲೋ ಒಂದು ಕಡೆ ನನ್ನ ತಂಗಿಯ ಲಂಗ ಓಡಾಡುತ್ತಿತ್ತು, ನೀರಿನ ಟಾಕಿಯ ಹತ್ತಿರ ಬಾಗಿ ನೀರು ಕುಡಿಯುತ್ತಿತ್ತು. ನಾನು ಬೇರೆ ಕಡೆ ನೋಡುತ್ತಿದ್ದೆ.

ಟೇಲರ್ ಹೇಳಿದ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಬೆಳೆಯಲು ಅದೇನು ಮಗುವೇ, ಗೋಡೆ. ಹದಿನೈದನೆಯ ವಯಸ್ಸಿನಲ್ಲಿ, ಅವ್ವ ಹೊಳೆಗೆ ಹೋಗಿದ್ದ ಒಂದು ಮಧ್ಯಾಹ್ನ, ಧೈರ್ಯ ಮಾಡಿ ಆ ಬಿಳಿಗೆ ಬೆನ್ನು ಕೊಟ್ಟು ನಿಂತೆ. ಹೆಗಲಿಗೆ ಹೆಗಲು ಕೂತಿತು. ತಲೆಗೆ ತಲೆ ಕೂತಿತು. ಎರಡು ಬದಿಯ ಕೆಂಪು ಅಂಚು ನನ್ನ ತೋಳಿಗೆ ತಾಗುವ ಹಾಗಿತ್ತು. ಏಳು ವರ್ಷಕ್ಕೆ ಸತ್ತ ತಂಗಿ ನನ್ನ ಎತ್ತರಕ್ಕೆ ಬಂದಿದ್ದಳು. ಸುಣ್ಣದಾಯಿ ಪ್ರತಿ ವರ್ಷ ಅಂಚನ್ನು ಬದಿಗೆ ಒಂದೊಂದು ಬೆರಳು, ತಲೆಯ ಕಡೆ ಮೂರು ಮೂರು ಬೆರಳು ಹೊರಗೆ ಸರಿಸುತ್ತಾ, ಯಾರಿಗೂ ತಿಳಿಯದ ಹಾಗೆ ಅವಳನ್ನು ಬೆಳೆಸಿದ್ದಳು. ಗೋಡೆ ತಣ್ಣಗಿತ್ತು. ಹಿಂದಿನಿಂದ ಯಾರೋ ನನ್ನ ಅಳತೆ ತೆಗೆದುಕೊಳ್ಳುತ್ತಿದ್ದಾರೆ ಎನಿಸಿ, ಎದ್ದುಬಿದ್ದು ಹೊರಗೆ ಓಡಿದೆ.

ನನಗೆ ಅವತ್ತು ಎರಡು ಭಯ. ಒಂದು, ಮುಂದಿನ ವರ್ಷ ಅವಳು ನನ್ನನ್ನು ಮೀರಿಸುತ್ತಾಳೆ ಎಂಬುದು. ಇನ್ನೊಂದು, ಹೇಳಲು ಈಗಲೂ ನಾಚಿಕೆಯಾಗುತ್ತದೆ, ಅವ್ವನಿಗೆ ನಾನು ಇನ್ನೆಂದೂ ಸಿಗಲಿಕ್ಕಿಲ್ಲ ಎಂಬುದು. ಅವಳ ಕಣ್ಣೆಲ್ಲ ಆ ಗೋಡೆಯಲ್ಲಿತ್ತು. ಬದುಕಿದ್ದವಳು ನಾನು. ನನಗೆ ಅವ್ವ ಬೇಕಾಗಿದ್ದಳು.

ಹಿತ್ತಲು ದಾಟಿ ಹೋದೆ. ಸುಣ್ಣದಾಯಿ ಬಿಸಿಲಲ್ಲಿ ಕೂತು ಹೆಂಟೆ ಕುಟ್ಟುತ್ತಿದ್ದಳು. ಅವಳ ಉಗುರುಗಳು ಹನ್ನೆರಡು ತಿಂಗಳೂ ಕೆಂಪು. ನಾನು ನಿಂತಲ್ಲೇ ಅಂದೆ:

“ಆಯಿ, ಆಕಿನ್ನ ಬಿಟ್ಟಬಿಡು.”

ಕುಟ್ಟುವುದು ನಿಂತಿತು. ಕೈಯ ಕೆಂಪನ್ನು ಸೆರಗಿಗೆ ಒರೆಸಿದಳು. ಆಮೇಲೆ, “ಬಿಡ್ತೇನಿ ತಗೋ,” ಅಂದಳು. ಅಷ್ಟೇ ಮಾತು. ಎಷ್ಟು ಹಗುರಾಗಿ ಮನೆಗೆ ಬಂದೆನೆಂದರೆ ಅವತ್ತು ಎರಡು ರೊಟ್ಟಿ ಹೆಚ್ಚು ತಿಂದೆ.

ದಸರೆ ಬಂತು. ಶಾಲೆಯಿಂದ ಓಡುತ್ತಾ ಬಂದು ನೋಡಿದರೆ ತಂಗಿ ಅಲ್ಲೇ ನಿಂತಿದ್ದಾಳೆ. ಹೊಸ ಸುಣ್ಣದಲ್ಲಿ ಫಳಫಳ. ಸುಣ್ಣದಾಯಿ ತನ್ನ ಕಸುಬಿನ ಅರ್ಥದಲ್ಲಿ ಬಿಟ್ಟಿದ್ದಳು! ನಾನು ಹೋಗಲಿ ಬಿಡು ಎಂದದ್ದನ್ನು ಅವಳು ಉಳಿಸು ಎಂದು ತಿಳಿದುಕೊಂಡಳೋ, ಬೇಕೆಂದೇ ಹಾಗೆ ಮಾಡಿದಳೋ. ಮೋಸ ಹೋದೆ ಎನಿಸಿತು. ಒಂದು ವರ್ಷ ಅವಳ ಜೊತೆ ಮಾತು ಬಿಟ್ಟೆ. ಅವಳು ಎದುರಿಗೆ ಬಂದರೆ ಜಡೆ ಮುಂದೆ ಹಾಕಿಕೊಂಡು ಹೆಣೆಯುತ್ತಾ ಹೋಗಿಬಿಡುತ್ತಿದ್ದೆ. ಅವಳು ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ.

ಮರುವರ್ಷ ದಸರೆಯ ಮೇಲೆ ಮತ್ತೆ ಬೆನ್ನು ಕೊಟ್ಟು ನಿಂತು ನೋಡಿದೆ. ನನ್ನ ಎರಡೂ ಹೆಗಲು ಬಿಳಿಯ ಹೊರಗಿದ್ದವು. ನಾನು ಬೆಳೆದೆನೆಂದುಕೊಂಡೆ. ಅವ್ವನ ಡಬ್ಬಿಯಿಂದ ಹಳೆಯ ಗಂಟಿನ ನೂಲು ತಂದು ಹಿಡಿದೆ. ನೂಲು ಎರಡು ಬೆರಳು ಉದ್ದವಾಗಿತ್ತು. ಅಂಚು ಒಳಗೆ ಬರುತ್ತಿತ್ತು. ಸುಣ್ಣದಾಯಿ ಎರಡೂ ಅರ್ಥದಲ್ಲಿ ಬಿಡುತ್ತಿದ್ದಳು... ಒಂದೇ ಕೈಯಲ್ಲಿ, ವರ್ಷಕ್ಕೆ ಒಂದು ಬೆರಳು.

ಅವ್ವನೂ ನೂಲು ಹಿಡಿಯುತ್ತಿದ್ದವಳೇ. ಅವಳಿಗೆ ತಿಳಿಯಲಿಲ್ಲವೇ ಎಂದು ನಾನು ಆಗ ಎಷ್ಟೋ ಸಲ ಯೋಚಿಸಿದ್ದೆ. ಹಿಡಿದ ಅಳತೆಗೇ ಹೊಲಿಸುತ್ತಾ ಹೋದಳು. ವರ್ಷ ವರ್ಷ ಲಂಗ ಗಿಡ್ಡವಾಯಿತು. ಹೋಗಹೋಗುತ್ತ ಸುಣ್ಣದಾಯಿಯ ಬೆರಳೂ ದೊಡ್ಡದಾಯಿತು. ಒಂದು ಬೆರಳು ಎರಡಾಯಿತು, ಆಮೇಲೆ ತಲೆಯ ಕಡೆ ಗೇಣು ಗೇಣೇ ಇಳಿಸುತ್ತಿದ್ದಳು. ನನ್ನ ಮದುವೆಯಾದ ವರ್ಷ ತಂಗಿ ಮತ್ತೆ ಏಳು ವರ್ಷದವಳಾದಳು. ಹೋದಾಗ ಎಷ್ಟಿದ್ದಳೋ ಸರಿಯಾಗಿ ಅಷ್ಟು. ಆ ದಸರೆಗೆ ಅವ್ವ ಇಡೀ ದಿನ ಗೋಡೆಯ ಮುಂದೆ ಕೂತಿದ್ದಳಂತೆ. ಸಂಜೆ ಎದ್ದು, ಆಗಷ್ಟೇ ಹಬ್ಬಕ್ಕೆ ಬಂದಿಳಿದ ನನ್ನ ತಲೆಗೆ ಎಣ್ಣೆ ಹಚ್ಚಿದಳು. ಎಷ್ಟೋ ವರ್ಷದ ಮೇಲೆ. ಅವಳ ಬೆರಳು ನನ್ನ ನೆತ್ತಿಯಲ್ಲಿ ಓಡಾಡುತ್ತಿದ್ದರೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವತ್ತಿನಿಂದ ಎರಡನೆಯ ಲಂಗ ಬರಲಿಲ್ಲ.

ಆಮೇಲಿನದು ಇಳಿಜಾರು. ಗೋಡೆಯ ಮೇಲೆ ತಂಗಿ ಅಂಬೆಗಾಲಿಡುವಷ್ಟಾದಳು, ತೊಟ್ಟಿಲಲ್ಲಿ ಹಿಡಿಯುವಷ್ಟಾದಳು. ಕಡೆಗೆ ಒಂದು ಅಂಗೈಯಷ್ಟು ಬಿಳಿ ಉಳಿಯಿತು, ಅದರ ಎಡಕ್ಕೆ ಆ ಸಣ್ಣ ಉಬ್ಬು. ಎಲ್ಲವನ್ನೂ ಸಣ್ಣದು ಮಾಡಿದವಳು ಅದೊಂದನ್ನು ಬಿಟ್ಟೇ ಇದ್ದಳು. ಮುಂದಿನ ವರ್ಷ ಮುಗಿಸುತ್ತೇನೆ ಎಂದು ಅವ್ವನಿಗೆ ಹೇಳಿದ್ದಳಂತೆ. ದಸರೆಗೆ ಇನ್ನೂ ಒಂದು ತಿಂಗಳಿದೆ ಎನ್ನುವಾಗ, ನೆನೆಯಿಟ್ಟ ಕೆಮ್ಮಣ್ಣಿನ ಮಡಕೆಯ ಪಕ್ಕದಲ್ಲೇ ಸುಣ್ಣದಾಯಿ ತೀರಿಕೊಂಡಳು. ಅವಳ ಮಣ್ಣಿಗೆ ನಾನು ಹೋಗಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಎಂದು ಹೇಳಿದೆ. ಪರೀಕ್ಷೆ ಇತ್ತು, ಆದರೆ ಹೋಗಬಹುದಿತ್ತು. ಒಂದು ವರ್ಷ ಮಾತು ಬಿಟ್ಟದ್ದಕ್ಕೆ ತಪ್ಪಾಯಿತು ಎಂದು ಕೂಡ ಹೇಳದೆ ಹೋದೆನಲ್ಲ...

ಆ ಗೋಡೆಗೆ ಮತ್ತೆ ಯಾರೂ ಕೈ ಹಚ್ಚಲಿಲ್ಲ. ಅಪ್ಪ ಹೋದ ಮೇಲೆ ಅವ್ವ ನಮ್ಮ ಜೊತೆ ಬೈಲಹೊಂಗಲಕ್ಕೆ ಬಂದಳು. ಮುಂದೊಂದು ಮಳೆಗಾಲ ಮಲಪ್ರಭೆ ಊರೊಳಗೆ ಬಂತು. ನೀರು ಇಳಿದ ಮೇಲೆ ಅವ್ವನನ್ನು ಕರೆದುಕೊಂಡು ಹೋದೆ. ಮನೆ ಇದ್ದಲ್ಲಿ ಮಣ್ಣಿನ ಗುಡ್ಡೆ ಇತ್ತು. ಪಡಸಾಲೆಯ ಗೋಡೆ ನಿಂತಿದ್ದ ಕಡೆಯಿಂದ ನೇರ ಹೊಲ ಕಾಣುತ್ತಿತ್ತು, ಹೊಲದಾಚೆ ಬೆಳ್ಳಗಿನ ಆಕಾಶ. ಅವ್ವ ಅಳುತ್ತಾಳೆ ಎಂದು ನಾನು ಸೆರಗು ಸಿದ್ಧ ಮಾಡಿಕೊಂಡಿದ್ದೆ. ಅವಳು ಒಂದು ಕಲ್ಲಿನ ಮೇಲೆ ಕುಂತು, ಯಾವುದೋ ಹಳೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

“ನೀ ಅಂಜೀದಿ ಅಂತ ಸುಣ್ಣದಾಯಿ ಅವತ್ತ ನನಗ ಬಂದ ಹೇಳಿದ್ಲು. ಸಣ್ಣಾಕಿನ್ನ ಒಮ್ಮೆಲೇ ತಗದ್ರ ಹಡದಾಕಿ ನೀ ಉಳಿಯಾಂಗಿಲ್ಲ, ಹಿಂಗ ಇಟ್ರ ದೊಡ್ಡಾಕಿ ಉಳಿಯಾಂಗಿಲ್ಲ, ವರ್ಷಕ್ಕೊಂದ ಬೆರಳ ಒಳಗ ಬರ್ಲ್ಯಾ ಅಂತ ಕೇಳಿದ್ಲು. ಬಾ ಅಂದೆ.”

ನಾನು ಅವಳ ಪಕ್ಕದಲ್ಲಿ ಕೂತೆ. ಅವರಿಬ್ಬರು ಒಂದು ಕಡೆ, ನಾನೊಬ್ಬಳು ಒಂದು ಕಡೆ, ಮೂವರೂ ಒಂದೇ ಗುಟ್ಟನ್ನು ಇಟ್ಟುಕೊಂಡು ಅಷ್ಟು ವರ್ಷ ಒಂದೇ ಗೋಡೆಯನ್ನು ನೋಡಿದ್ದೆವು. ಅವ್ವ ಆಕಾಶದ ಕಡೆ ಕೈ ಮಾಡಿದಳು.

“ಈಗ ನೋಡು, ಆಕಿಗಿ ಅಂಚ ಇಲ್ಲ.”

ಇಷ್ಟೂ ಆ ಬಕೆಟ್ಟಿನ ವಾಸನೆಯಲ್ಲಿ ಬಂತು. ಅದೇ ದಿನ ಮಧ್ಯಾಹ್ನ ಪೇಂಟರ್ ಸುಣ್ಣ ಹೊಡೆದ ಹೊಸ ಗೋಡೆಗೆ ಕೆಂಪು ಬಳಿಯುತ್ತಿದ್ದ. ಅವ್ವನಿಗೆ ಈಗ ಮೊಣಕಾಲು ನೋವು. ನೋಡುತ್ತೇನೆ ಎಂದು ಎದ್ದು ಬಂದವಳು ಬಲಗೈಯನ್ನು ಗೋಡೆಗೆ ಊರಿ ನಿಂತುಬಿಟ್ಟಳು. ಆಯೀ, ಸ್ವಲ್ಪ ಕೈ ತೆಗೀರಿ ಎಂದು ಅವನು ಎರಡು ಸಲ ಅಂದ. ಆಯಿ ಎಂಬ ಮಾತಿಗೆ ನಾನು ಬೆಚ್ಚಿ ಬಾಗಿಲ ಕಡೆ ನೋಡಿದೆ. ಅವ್ವ ಕೈ ತೆಗೆಯಲಿಲ್ಲ. ಹಿರಿಯರಿಗೆ ಮೂರನೆಯ ಸಲ ಹೇಳಲು ಅವನಿಗೆ ಮನಸ್ಸಾಗಲಿಲ್ಲ. ಕೈಯ ಸುತ್ತಲೂ ಕುಂಚ ಆಡಿಸಿಕೊಂಡು ಮುಂದೆ ಹೋದ. ಸ್ವಲ್ಪ ಹೊತ್ತಿಗೆ ಅವ್ವ ಕುರ್ಚಿಗೆ ಹೋಗಿ ಕೂತಳು. ಕೆಂಪು ಗೋಡೆಯಲ್ಲಿ ಒಂದು ಅಂಗೈಯಷ್ಟು ಬಿಳಿ. ಎಡಕ್ಕೆ, ಹೆಬ್ಬೆರಳಿದ್ದಲ್ಲಿ, ಒಂದು ಉಬ್ಬು.

ಪೇಂಟರ್ ಎಲ್ಲ ಮುಗಿಸಿ, ಹಿಂದೆ ಸರಿದು ನೋಡಿ ಕೇಳಿದ.

“ಮೇಡಂ, ಇಲ್ಲಿ ಒಂದೀಟ ಉಳದೈತ್ರಿ. ತುಂಬಲೇನ್ರಿ?”

ನಾನು ಅವ್ವನ ಕಡೆ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು.

“ಬಿಡಪಾ,” ಅಂದಳು.

ಯಾವ ಬಿಡು ಅದು? ಹೋಗಲಿ ಎಂದೋ, ಇರಲಿ ಎಂದೋ. ಪೇಂಟರ್ ತನಗೆ ತಿಳಿದ ಅರ್ಥವನ್ನೇ ಹಿಡಿದು ಕುಂಚ ತೊಳೆಯಲು ಹೊರಟುಹೋದ. ಆ ಬಿಳಿ ಈಗಲೂ ಹಾಗೇ ಇದೆ. ಬೆಳಗಾವಿಯ ಹುಡುಗಿ ನೋಡಿ ಬಹಳ ಮೆಚ್ಚಿ, ಫೋಟೋ ಹೊಡೆದುಕೊಂಡಳು. ಸುಣ್ಣದಾಯಿ ಇದ್ದಿದ್ದರೆ ಅವ್ವನನ್ನು ಒಂದು ಕಡೆ ಕರೆದು, ಯಾವ ಅರ್ಥದಲ್ಲಿ ಅಂದೆ ಎಂದು ಕೇಳಿಕೊಂಡು ಬರುತ್ತಿದ್ದಳು. ಆಯಿ ಇಲ್ಲ. ಕೇಳಲು ನನಗೆ ಧೈರ್ಯವಿಲ್ಲ. ದಿನಾ ಸಂಜೆ ದೀಪ ಹಚ್ಚುವಾಗ ಅದರ ಅಂಚಿಗೆ ಒಂದು ಬೆರಳು ಇಟ್ಟು ನೋಡುತ್ತೇನೆ, ಒಳಗೆ ಬಂದಿದೆಯೋ, ಹೊರಗೆ ಹೋಗಿದೆಯೋ ಎಂದು.